ದಾನಯ್ಯನ ಎಡ ಅಂಗೈ

ದಾನಯ್ಯ ತನ್ನ ಇಷ್ಟಲಿಂಗವನ್ನು ಕಿವಿಗೆ ಹಿಡಿದು ‘ಹಾಂ ಸರ್, ಬೋಲಿಯೇ’ ಎಂದದ್ದನ್ನು ಕಾಶಿಯ ಜಂಗಮವಾಡಿ ಮಠದ ಪಂಕ್ತಿಯಲ್ಲಿ ಕುಳಿತಿದ್ದ ನಾವು ಹತ್ತು ಹನ್ನೆರಡು ಮಂದಿ ಕಣ್ಣಾರೆ ಕಂಡೆವು.

ನವೆಂಬರ್ ತಿಂಗಳ ಮೊದಲ ಭಾನುವಾರ. ಅನ್ನ ಸಾರು ಬಡಿಸಿ ಆಗಿತ್ತು. ದಾನಯ್ಯನ ಕೊರಳಲ್ಲಿ ಶಿವದಾರ; ಅದರ ತುದಿಯಲ್ಲಿ, ಎದೆಯ ಮೇಲೆ, ಬೆಳ್ಳಿಯ ಕರಡಿಗೆ; ಕರಡಿಗೆಯೊಳಗೆ ಲಿಂಗ. ಅಂಗಿಯ ಎಡ ಜೇಬಿನಲ್ಲಿ ಸದಾ ಮೊಬೈಲು. ಎರಡರ ನಡುವೆ ನಾಲ್ಕು ಬೆರಳಿನ ಅಂತರ. ಆ ದಿನ ಆತ ಮೊಬೈಲನ್ನು ಮನೆಯಲ್ಲಿ ಚಾರ್ಜಿಗೆ ಹಾಕಿ ಬಂದಿದ್ದ. ಆದರೂ ಎದೆಯ ಮೇಲೆ ಏನೋ ಗುಂಯ್ ಎಂದು ನಡುಗಿದ ಹಾಗಾಯಿತಂತೆ. ಎಡಗೈ ತಾನಾಗಿಯೇ ಮೇಲೆ ಹೋಯಿತು, ಗಟ್ಟಿಯಾದದ್ದು ಏನೋ ಸಿಕ್ಕಿತು, ಅದು ಕಿವಿಗೆ ಬಂದಿತು.

ಬಡಿಸುತ್ತಿದ್ದ ಅಮರಯ್ಯ ಸಾರಿನ ಬಕೀಟು ಕೆಳಗಿಟ್ಟ. ಆತ ಮಠದಲ್ಲಿ ಮೂವತ್ತು ವರ್ಷಗಳಿಂದ ಇರುವವನು, ಬಾಯಿಗೆ ಬೀಗವಿಲ್ಲದವನು.

“ಏನ್ರೀ ದಾನಯ್ಯ, ಶಿವನ ನಂಬರ ನೇರ ಹತ್ತಿತೇನ್ರಿ? ಹಂಗಾದ್ರ ನಮ್ದೂ ಒಂದು ಮಾತು ಹೇಳ್ರಿ. ಈ ಸಲ ಕಾಶ್ಯಾಗ ಥಂಡಿ ಸ್ವಲ್ಪ ಕಡಿಮಿ ಮಾಡಪ್ಪಾ ಅಂತ!”

ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಇಂದು ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ. ದಾನಯ್ಯನೂ ನಕ್ಕ, ಆದರೆ ಆತನ ಕಿವಿ ಕೆಂಪಾಗಿತ್ತು, ಎಲೆಯಲ್ಲಿ ಅನ್ನ ಉಳಿದಿತ್ತು. ಪ್ರಸಾದವನ್ನು ಬಿಟ್ಟೇಳುವ ಮನುಷ್ಯನಲ್ಲ ಆತ. ಮರುದಿನದಿಂದ ಮಠದ ಕಡೆಗೆ ಸುಳಿಯಲಿಲ್ಲ.

ದಾನಯ್ಯ ಮುಂಡರಗಿ ಕಡೆಯವನು. ವಯಸ್ಸು ನಲವತ್ತೆಂಟು. ಒಂದು ಬ್ಯಾಂಕಿನಲ್ಲಿ ಅಧಿಕಾರಿ. ಎರಡೂವರೆ ವರ್ಷದ ಹಿಂದೆ ವರ್ಗವಾಗಿ ಬನಾರಸಿಗೆ ಬಂದ. ಮಠದ ಹಿಂದಿನ ಗಲ್ಲಿಯಲ್ಲಿ ಬಾಡಿಗೆ ಮನೆ. ಹೆಂಡತಿ ಜಗದಾಂಬ, ಎಂಟನೆಯ ತರಗತಿಯ ಮಗಳು ವರ್ಷಿಣಿ. ನಾನು ಕೇಂದ್ರ ಸರ್ಕಾರದ ಶಾಲೆಗಳಲ್ಲಿ ಸಂಸ್ಕೃತ ಕಲಿಸುತ್ತ ಊರೂರು ಸುತ್ತಿ, ಕೊನೆಗೆ ಇಲ್ಲಿಯೇ ನಿವೃತ್ತನಾಗಿ ಉಳಿದವನು. ನನ್ನ ಪಿಂಚಣಿ ಬರುವುದು ಆತನ ಶಾಖೆಗೇ. ಹೀಗೆ ನಮ್ಮ ಪರಿಚಯ.

ಪಿಂಚಣಿದಾರರು ಪ್ರತಿ ವರ್ಷ ನವೆಂಬರಿನಲ್ಲಿ ತಾವು ಬದುಕಿದ್ದೇವೆಂದು ಬ್ಯಾಂಕಿಗೆ ತೋರಿಸಬೇಕು. ದಾನಯ್ಯನ ಪಾಲಿಗೆ ಬಂದ ಕೆಲಸ ಅದೇ. ಮೊದಲು ಅದು ಎಷ್ಟು ಸುಲಭವಾಗಿತ್ತೆಂದು ಆತ ಆಗಾಗ ಹೇಳುತ್ತಿದ್ದ.

“ಮುಂಡರಗ್ಯಾಗ ಒಂದು ರಿಜಿಸ್ಟರ್ ಇತ್ರೀ ಮಾಸ್ತರ. ಅಜ್ಜ ಬಂದು ಮುಂದ ನಿಂದರತಿದ್ದ. ಅಜ್ಜಾ, ಆರಾಮೇನು ಅಂತಿದ್ದೆ. ಎಲ್ಲೀ ಆರಾಮೋ ತಮ್ಮಾ, ಮಣಕಾಲು ಅಂತಿದ್ದ. ಮಣಕಾಲು ನೋಯತೈತಿ ಅಂದ್ರ ಬದುಕ್ಯಾನ ಅಂತಲೇ ಲೆಕ್ಕ. ಸಹಿ ಹಾಕ್ತಿದ್ದೆ. ಮುಗೀತು.”

ಈಗ ಮುಖವನ್ನು ಮೊಬೈಲು ಗುರುತಿಸಬೇಕು. ಬ್ಯಾಂಕಿನವರು ಅದಕ್ಕೊಂದು ಆ್ಯಪ್ ಕೊಟ್ಟಿದ್ದಾರೆ. ಮುಖ ಹೊಂದದಿದ್ದರೆ, ಕಣ್ಣು ಮಿಟುಕದಿದ್ದರೆ, ನೆಟ್‌ವರ್ಕ್ ಸಿಗದಿದ್ದರೆ, ಆ ಹೆಸರು ದಾನಯ್ಯನ ಕಂಪ್ಯೂಟರಿನ ಪರದೆಗೆ ಬಂದು ಕೂರುತ್ತದೆ. ಮೂಲೆಯಲ್ಲಿ ಒಂದು ಕೆಂಪು ಅಂಕೆ. ಅದರ ಪಕ್ಕದಲ್ಲಿ ಹಿಂದಿಯಲ್ಲಿ ‘ಲಂಬಿತ್’ ಎಂದು ಬರೆದಿರುತ್ತದೆ. ಬಾಕಿ ಉಳಿದದ್ದು ಎಂದು ಅದರ ಅರ್ಥ. ನನಗೆ ಆ ಪದವನ್ನು ಕಂಡರೆ ಧಾತು ನೆನಪಾಗುತ್ತದೆ: ಲಂಬ್, ಎಂದರೆ ತೂಗಾಡು, ಜೋತುಬೀಳು. ದಾನಯ್ಯನ ಮೇಲೆ ಜೋತುಬಿದ್ದವರು ಅಕ್ಟೋಬರ್ ಮುಗಿಯುವ ಹೊತ್ತಿಗೆ ನೂರ ನಲವತ್ತು ಮಂದಿ. ನಾನೂ ಅವರಲ್ಲಿ ಒಬ್ಬ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದ ಮೇಲೆ ನನ್ನ ಕಣ್ಣು ಆ ಆ್ಯಪಿಗೆ ಒಪ್ಪಿಗೆಯಾಗಲಿಲ್ಲ.

ಪರದೆ ಒಂದೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಬೆಳಗಿನ ಆರು ಗಂಟೆಗೆ ವಲಯ ಕಚೇರಿಯಿಂದ ಮೊಬೈಲಿಗೆ ಒಂದು ಪಟ್ಟಿ ಬರುತ್ತಿತ್ತು. ಮೇಲೆ ‘ಗುಡ್ ಮಾರ್ನಿಂಗ್ ಯೋಧರೇ’ ಎಂಬ ವಂದನೆ, ಕೆಳಗೆ ಎಲ್ಲ ಶಾಖೆಗಳ ಹೆಸರು, ಹಿಂದುಳಿದ ಮೂರಕ್ಕೆ ಕೆಂಪು ಬಣ್ಣ. ಕೂಡಲೇ ಮ್ಯಾನೇಜರರ ಧ್ವನಿಸಂದೇಶ. ಆಮೇಲೆ ಇಬ್ಬರು ಮೂವರು ಕೈಮುಗಿದ ಚಿತ್ರ ಹಾಕುವರು. ಅದಕ್ಕೂ ಮೊಬೈಲು ಒಮ್ಮೆ ನಡುಗುವುದು. ಹಲ್ಲುಜ್ಜುವಾಗ, ಸ್ನಾನ ಮಾಡುವಾಗ, ಗಲ್ಲಿಯಲ್ಲಿ ನಡೆಯುವಾಗ ದಾನಯ್ಯನ ಎಡಗೈ ಅದನ್ನು ಹಿಡಿದೇ ಇರುವುದು, ಹೆಬ್ಬೆರಳು ಅದರ ಮೇಲೆ ಆಡುತ್ತಲೇ ಇರುವುದು.

ಪಂಕ್ತಿಯ ಘಟನೆ ನಡೆದು ವಾರವಾಗಿರಬೇಕು. ಜಗದಾಂಬ ನನ್ನ ಕೋಣೆಗೆ ಬಂದಳು. ಸೆರಗನ್ನು ಬೆರಳಿಗೆ ಸುತ್ತುತ್ತ ಬಾಗಿಲಲ್ಲೇ ನಿಂತಳು.

“ಮಾಸ್ತರ, ನಿಮ್ಮ ಮುಂದ ಹೇಳಾಕ ನಾಚಿಕಿ ಬರತೈತ್ರಿ. ಇವರು ಮೂರು ವಾರಾತು, ಲಿಂಗಾನ ತಟ್ಟ್ಯಾಗ ಇಟ್ಟು ಪೂಜಿ ಮಾಡ್ಲಿಕ್ಕತ್ತಾರ.”

ನಾನು ಕನ್ನಡಕ ತೆಗೆದಿಟ್ಟೆ. ಬೇರೆಯವರಿಗೆ ಇದು ಸಣ್ಣ ಮಾತೆಂದು ತೋರಬಹುದು. ಆದರೆ ನಮ್ಮಲ್ಲಿ ಲಿಂಗಕ್ಕೆ ಎಡ ಅಂಗೈಯೇ ಪೀಠ. ಅಂಗೈಯಲ್ಲಿಟ್ಟುಕೊಂಡು, ಕಣ್ಣಿನ ಮಟ್ಟಕ್ಕೆ ಹಿಡಿದು, ನೋಡುತ್ತ ಕೂರಬೇಕು. ಅದೇ ಪೂಜೆ. ತಟ್ಟೆಯಲ್ಲಿಟ್ಟರೆ ಅದು ಎದುರಿನ ಕಲ್ಲಾಯಿತು. ಇನ್ನು, ಕೈಯಿಂದ ಜಾರಿ ನೆಲಕ್ಕೆ ಬಿದ್ದರೆ? ಅದನ್ನು ನಮ್ಮ ಹಿರಿಯರು ಬಾಯಲ್ಲಿ ಆಡಲೂ ಹೆದರುತ್ತಿದ್ದರು.

“ಯಾಕಂತೆ?”

“ಕೈ ನಡಗತಾವಂತ್ರಿ. ಬೀಳತೈತಿ ಅಂತ ಅಂಜಿಕಿ. ರಾತ್ರಿ ಹಲ್ಲು ಕಡೀತಾರ್ರಿ, ಗಿರಣಿ ನಡಸಿದಂಗ. ಒಂದು ದವಡಿ ಹಲ್ಲು ಸೀಳೇ ಬಿಟ್ಟೈತಿ. ಬಲಗಣ್ಣು ಬ್ಯಾರೆ ಹಾರತೈತಿ. ಗಂಡಸರಿಗೆ ಬಲಗಣ್ಣು ಹಾರಿದ್ರ ಶುಭ ಅಂತಾರಲ್ರಿ, ಊರಿಗೆ ವರ್ಗಾ ಆಗಬಹುದು ಅಂತ ನಾನೂ ಖುಷಿಪಟ್ಟಿದ್ದೆ. ನಲವತ್ತು ದಿನ ಆತು ನೋಡ್ರಿ. ಕಣ್ಣು ಹಾರೂದು ನಿಂತಿಲ್ಲ, ಶುಭಾನೂ ಬಂದಿಲ್ಲ.”

ಹೇಳಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಡಾಕ್ಟರರ ಬಳಿ ಹೋಗೆಂದರೆ ಆತ ಹೋಗುತ್ತಿಲ್ಲವಂತೆ. ‘ನವೆಂಬರ್ ಮುಗೀಲಿ’ ಎನ್ನುತ್ತಾನಂತೆ. ‘ನೀವು ಹೇಳಿದ್ರ ಕೇಳ್ತಾರ್ರಿ’ ಎಂದಳು.

ಹೋಗಿ ಹೇಳಿದೆ.  ದಾನಯ್ಯ ಎಡ ಅಂಗೈಯನ್ನು ನನ್ನ ಮುಂದೆ ಬಿಚ್ಚಿ ತೋರಿಸಿದ. ಕಣ್ಣಿಗೆ ಏನೂ ಕಾಣಲಿಲ್ಲ. ತಣ್ಣಗಿತ್ತು, ಅಷ್ಟೆ, ಚಳಿ ಇನ್ನೂ ಶುರುವಾಗದ ದಿನಗಳಲ್ಲಿ ಗಂಗೆಯ ಕೆಸರಿನ ಹಾಗೆ ತಣ್ಣಗೆ.

“ಇದರಾಗ ಲಿಂಗ ಇಟ್ಕೊಂಡ ಕೂಡಲೇ ಗುಂಯ್ ಅಂತೈತ್ರಿ. ಮೊಬೈಲ್ ಅಲ್ಲ ಅಂತ ನನಗ ಗೊತ್ತೈತಿ. ಕೈಗೆ ಗೊತ್ತಿಲ್ಲ. ಹೆಬ್ಬೆಟ್ಟು ತಾನೇ ಮ್ಯಾಲ ಸರಸತೈತಿ. ಒಂದು ದಿನ ಹಂಗ ಸರಸಿದಾಗ ಲಿಂಗ ಜಾರೇ ಬಿಡ್ತು, ತೊಡಿ ಮ್ಯಾಲ ಬಿತ್ತು. ನೆಲಕ್ಕ ಬಿದ್ದಿದ್ರ ನಾ ಏನ್ ಮಾಡ್ಬೇಕಿತ್ರಿ ಮಾಸ್ತರ? ಎಂಟು ವರ್ಷದಾಂವ ಇದ್ದಾಗಿಂದ ಹಿಡಿದ ಕೈ ಇದು. ಬ್ಯಾಂಕಿಗೆ ಏನೇನ ಕೊಟ್ಟೀನಿ, ಕೊಡ್ತೀನಿ. ಇದೊಂದು ನನ್ನದು ಅಂತ ಇಟ್ಕೊಂಡಿದ್ದೆ.”

ಮರುದಿನ ಸಂಜೆ ಹನುಮಾನ್ ಘಾಟಿನ ಬಳಿಯ ಡಾಕ್ಟರ್ ಕಾಮಾಕ್ಷಿಯ ದವಾಖಾನೆಗೆ ಆತನನ್ನು ಕರೆದುಕೊಂಡು ಹೋದೆ. ಆಕೆ ಅಲ್ಲಿಯ ಹಳೆಯ ದಕ್ಷಿಣದ ಮನೆತನದವಳು. ಅಜ್ಜಿಯಿಂದ ಕಲಿತ ಕನ್ನಡವನ್ನು ಹಿಂದಿಯಲ್ಲಿ ಅದ್ದಿ ಆಡುತ್ತಾಳೆ. ಎದೆಯಲ್ಲಿ ನಡುಕವೆಂದ ಕೂಡಲೇ ಇಸಿಜಿ ಆಗಲಿ ಎಂದಳು.

ಒಳಗೆ ನರ್ಸ್ ಪ್ರೇಮಾ ಯಂತ್ರ ಸಿದ್ಧಪಡಿಸಿಕೊಂಡು ನಿಂತಿದ್ದಳು. ಕರಡಿಗೆಯ ಕಡೆಗೆ ಬೆರಳು ತೋರಿಸಿ, ತೆಗೆದಿಡಿ ಎಂದಳು.

“ಭಾಯಿಸಾಬ್, ಲಾಕೆಟ್ ಉತಾರಿಯೇ.”

“ಯೇ ಲಾಕೆಟ್ ನಹೀಂ ಹೈ.”

“ತೋ ಕ್ಯಾ ಹೈ?”

“ಭಗವಾನ್ ಹೈ.”

“ಅಚ್ಛಾ, ತೋ ಭಗವಾನ್ ಕೋ ದೋ ಮಿನಿಟ್ ಟೇಬಲ್ ಪರ್ ಬಿಠಾಯಿಯೇ!”

ಭಗವಂತನನ್ನು ಎರಡು ನಿಮಿಷ ಮೇಜಿನ ಮೇಲೆ ಕೂರಿಸಬೇಕಂತೆ! ಪ್ರಾಣವಿರುವ ತನಕ ಇದನ್ನು ಮೈಯಿಂದ ಅಗಲಿಸುವಂತಿಲ್ಲವೆಂದು ನಾನು ಆಕೆಗೆ ವಿವರಿಸಬೇಕಾಯಿತು. ‘ಪ್ರಾಣ ಇದೆಯೋ ಇಲ್ಲವೋ ಅಂತ ತಾನೇ ನಾನು ನೋಡುತ್ತಿರುವುದು’ ಎಂದು ಗೊಣಗಿದಳು. ಕೊನೆಗೆ ಶಿವದಾರವನ್ನು ಮೇಲೆ ಸರಿಸಿ ಕರಡಿಗೆಯನ್ನು ಹಣೆಯ ಮೇಲಿಟ್ಟುಕೊಳ್ಳುವುದೆಂದು ಒಪ್ಪಂದವಾಯಿತು. ‘ಅಲುಗಾಡಬೇಡಿ, ಭಗವಾನ್ ಬಿದ್ದುಬಿಟ್ಟಾರು’ ಎಂದು ಆಕೆ ತಮಾಷೆಗೆ ಹೇಳಿದಳು. ದಾನಯ್ಯನ ಮುಖ ಬಿಳಿಚಿಕೊಂಡಿತು.

ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಆತನ ಮೊಬೈಲು ನಡುಗಿತು. ಮಂಚದ ಮೇಲೆ ಮಲಗಿದ್ದವನ ಭುಜ ಜಗ್ಗಿತು, ಕಾಗದದ ಮೇಲೆ ಗೆರೆ ಹಾರಿತು. ಪ್ರೇಮಾ ಹರಿದು ಹಾಕಿ ಇನ್ನೊಮ್ಮೆ ತೆಗೆದಳು. ಮತ್ತೆ ಮೊಬೈಲು, ಮತ್ತೆ ಗೆರೆ. ಮೂರನೆಯ ಸಲಕ್ಕೆ ನನ್ನನ್ನು ಮೊಬೈಲಿನೊಡನೆ ಹೊರಗೆ ಅಟ್ಟಿದಳು.

ಹೊರಗಿನ ಬೆಂಚಿನಲ್ಲಿ ಹತ್ತು ನಿಮಿಷ ಕೂತಿದ್ದೆ. ಅಷ್ಟರಲ್ಲಿ ಅದು ಹದಿನಾಲ್ಕು ಸಲ ನಡುಗಿತು. ಸಂದೇಶ ನನ್ನದಲ್ಲ, ಕೆಲಸ ನನ್ನದಲ್ಲ, ಬೈಗುಳವೂ ನನ್ನದಲ್ಲ. ಆದರೂ ಹದಿನಾಲ್ಕನೆಯ ಸಲದ ಹೊತ್ತಿಗೆ ನನ್ನ ಹಲ್ಲುಗಳು ಒಂದನ್ನೊಂದು ಕಚ್ಚಿಕೊಂಡಿದ್ದವು. ಅದನ್ನು ಎತ್ತಿ ಗಂಗೆಗೆ ಎಸೆಯಬೇಕೆಂದು ಅನ್ನಿಸಿತು. ಎಪ್ಪತ್ತನಾಲ್ಕು ವರ್ಷದ ನನಗೆ ಹತ್ತು ನಿಮಿಷದಲ್ಲಿ ಹೀಗಾದರೆ, ಆ ಮನುಷ್ಯ ಎರಡು ವರ್ಷ ಹೇಗೆ ಕಳೆದನೋ!

ಕಾಮಾಕ್ಷಿ ಇಸಿಜಿಯ ಕಾಗದ ನೋಡಿದಳು. “ಹಾರ್ಟ್ ಏಕದಂ ಠೀಕ್ ಇದೆ. ಕುದುರೆ ಹಾಗೆ ಇದೆ” ಎಂದಳು. ದಾನಯ್ಯನಿಗೆ ಸಮಾಧಾನವಾಗಬೇಕಿತ್ತು, ಬದಲಿಗೆ ಸಿಟ್ಟು ಬಂದಿತು.

“ಮತ್ತ ಇದೆಲ್ಲ ಸುಳ್ಳೇನ್ರಿ ಹಂಗಾದ್ರ? ನಾ ಏನ್ ನಾಟಕ ಮಾಡ್ಲಿಕ್ಕತ್ತೀನೇನು?”

 ಆಕೆ ಎದ್ದು ಬಂದು ಆತನ ಬೆನ್ನ ಮೇಲೆ ಅಂಗೈ ಇಟ್ಟು ನಿಂತಳು. ಕಾಯಬೇಕಾಗಲಿಲ್ಲ, ಮೊಬೈಲು ನಡುಗಿತು. ಆಕೆ ಎಣಿಸತೊಡಗಿದಳು. ಹನ್ನೊಂದರವರೆಗೆ ಎಣಿಸಿದಳು.

“ಹನ್ನೊಂದು ಸೆಕೆಂಡ್ ನೀವು ಉಸಿರೇ ತೊಗೊಳ್ಳಲಿಲ್ಲ ದಾನಯ್ಯಾಜೀ. ಗೊತ್ತಾಯಿತಾ?”

ಗೊತ್ತಾಗಿರಲಿಲ್ಲ.

“ಗಲ್ಲಿಯಲ್ಲಿ ಎದುರಿಂದ ಸಾಂಡ್ ಬಂದರೆ ಏನು ಮಾಡುತ್ತೀರಿ?”

ಸಾಂಡ್ ಎಂದರೆ ಗೂಳಿ. ನಮ್ಮ ಬನಾರಸಿನ ಗಲ್ಲಿಗಳಲ್ಲಿ ಅದಕ್ಕೇ ದಾರಿ, ನಾವು ಗೋಡೆಗೆ.

“ಗೋಡಿಗೆ ಬೆನ್ನು ಹಚ್ಚಿ ನಿಂದರತೀನ್ರಿ.”

“ಉಸಿರು?”

“ಬಿಗಿ ಹಿಡೀತೀನಿ.”

“ಹೊಟ್ಟೆ ಒಳಗೆ, ಹಲ್ಲು ಟೈಟ್, ಕೈ ಠಂಡಾ. ಅದು ಹೋದ ಮೇಲೆ ಉಸಿರು ಬಿಡುತ್ತೀರಿ, ಎಲ್ಲ ಠೀಕ್ ಆಗುತ್ತದೆ. ಶರೀರಕ್ಕೆ ಅಷ್ಟೇ ಗೊತ್ತು. ನಿಮಗೆ ದಿನಕ್ಕೆ ಇನ್ನೂರು ಸಾಂಡ್ ಬರುತ್ತಿವೆ. ಬಂದದ್ದು ಗೊತ್ತಾಗುತ್ತದೆ, ಹೋದದ್ದು ಒಂದೂ ಕಾಣುವುದಿಲ್ಲ. ನೀವು ಎರಡು ವರ್ಷದಿಂದ ಗೋಡೆಗೆ ಅಂಟಿಕೊಂಡೇ ನಿಂತಿದ್ದೀರಿ. ಕೈ ನಡುಗದೆ ಇನ್ನೇನು ಮಾಡಬೇಕು ಹೇಳಿ?”

ಮೊಬೈಲನ್ನು ಎದೆಯ ಮೇಲೆ ಇಡಬಾರದು. ಅದು ನಡುಗಿದಾಗ ಮೊದಲು ಉಸಿರು ಬಿಟ್ಟು ಆಮೇಲೆ ಮುಟ್ಟಬೇಕು. ಎಲ್ಲಕ್ಕಿಂತ ಮೊದಲು ಹದಿನೈದು ದಿನ ರಜೆ ತೆಗೆದುಕೊಳ್ಳಬೇಕು. ಹೀಗೆ ಹೇಳಿ ತನ್ನ ಕೈಬರಹದಲ್ಲಿ ಪ್ರಮಾಣಪತ್ರ ಬರೆದುಕೊಟ್ಟಳು.

ರಜೆ ಕೇಳುವುದಕ್ಕೂ ಒಂದು ಆ್ಯಪ್! ದಾನಯ್ಯ ಮನೆಗೆ ಬಂದು ಪ್ರಮಾಣಪತ್ರದ ಚಿತ್ರ ತೆಗೆದು ಹಾಕಿದ. ‘ಕಡತ ದೊಡ್ಡದಾಗಿದೆ’ ಎಂದು ಬಂದಿತು. ವರ್ಷಿಣಿ ಚಿತ್ರವನ್ನು ಕುಗ್ಗಿಸಿ ಕೊಟ್ಟಳು. ಆ ಹುಡುಗಿಯ ಕನ್ನಡದಲ್ಲಿ ಅರ್ಧ ಹಿಂದಿ. ‘ಪಪ್ಪಾ, ಅಬ್ ಹೋ ಜಾಯೇಗಾ, ಚಿಂತೆ ಮತ್ ಮಾಡಿ’ ಎಂದಳು. ಬೇರೆ ದಿನವಾಗಿದ್ದರೆ ತಿದ್ದುತ್ತಿದ್ದೆ. ಮರುದಿನ ಉತ್ತರ ಬಂದಿತು: ‘ಕಡತ ಅಸ್ಪಷ್ಟವಾಗಿರುವುದರಿಂದ ಅರ್ಜಿ ತಿರಸ್ಕರಿಸಲ್ಪಟ್ಟಿದೆ.’ ಸ್ಪಷ್ಟವಾಗಿದ್ದರೆ ದೊಡ್ಡದು, ಚಿಕ್ಕದಾದರೆ ಅಸ್ಪಷ್ಟ. ಮೂರನೆಯ ಸಲ ಹಾಕಿದಾಗ ಅರ್ಜಿಯ ಮುಂದೆ ಅದೇ ಪದ ಮೂಡಿತು: ಲಂಬಿತ್. ಆತನ ಮೇಲೆ ಜೋತುಬಿದ್ದವರ ಸಾಲಿನಲ್ಲಿ ಈಗ ಆತನೂ ಜೋತುಬಿದ್ದ.

ತರಗತಿಯಲ್ಲಿ ಕರ್ಮಣಿ ಪ್ರಯೋಗವನ್ನು ಕಲಿಸುವಾಗ ನಾನು ಮಕ್ಕಳಿಗೆ ಹೇಳುತ್ತಿದ್ದೆ: ಇಲ್ಲಿ ಕರ್ತೃ ಹಿಂದೆ ಸರಿಯುತ್ತಾನೆ, ಕರ್ಮ ಮುಂದೆ ಬರುತ್ತದೆ. ಅದು ಎಷ್ಟು ನಿಜವೆಂದು ಆಗ ನನಗೆ ಗೊತ್ತಿರಲಿಲ್ಲ. ತಿರಸ್ಕರಿಸಲ್ಪಟ್ಟಿದೆ. ಯಾರಿಂದ? ಯಾರ ಬಾಗಿಲಿಗೆ ಹೋಗಿ ಜಗಳವಾಡಬೇಕು? ಮನುಷ್ಯನೊಬ್ಬ ‘ಕೊಡೋದಿಲ್ಲ ಹೋಗು’ ಎಂದಿದ್ದರೆ ದಾನಯ್ಯ ಎರಡು ಮಾತು ಆಡಿ ಹಗುರಾಗುತ್ತಿದ್ದ. ಇಲ್ಲಿ ಬೈಯುವುದಕ್ಕೂ ಒಂದು ಮುಖವಿಲ್ಲ.

ಮುಖವಿದ್ದವರು ಮ್ಯಾನೇಜರ್ ಒಬ್ಬರೇ. ಅವರು ನಕ್ಕು, ‘ದಾನಯ್ಯಾಜೀ, ನವೆಂಬರ್ ಮೇಂ ಕೌನ್ ಬೀಮಾರ್ ಪಡತಾ ಹೈ?’ ಎಂದರಂತೆ. ನವೆಂಬರಿನಲ್ಲಿ ಯಾರಾದರೂ ಕಾಯಿಲೆ ಬೀಳುತ್ತಾರೆಯೇ! ಇಸಿಜಿ ಸರಿಯಿದೆಯಲ್ಲ ಎಂದೂ ಕೇಳಿದರಂತೆ. ದಾನಯ್ಯನಿಗೆ ತನ್ನ ಹೃದಯದ ಮೇಲೆಯೇ ಕೋಪ ಬಂದಿತು. “ಒಂದು ಗೆರೀನಾದ್ರೂ ಸೊಟ್ಟ ಬಂದಿದ್ರ ಎಷ್ಟು ಚಲೋ ಇತ್ರೀ ಮಾಸ್ತರ. ತೋರಸಾಕ ಏನಾದ್ರೂ ಇರತಿತ್ತು” ಎಂದ. ರಜೆ ಸಿಗಲಿಲ್ಲ. ಲಿಂಗ ತಟ್ಟೆಯಲ್ಲಿಯೇ ಉಳಿಯಿತು.

ನವೆಂಬರ್ ಇಪ್ಪತ್ತರ ಹೊತ್ತಿಗೆ ಬ್ಯಾಂಕಿಗೆ ಬರಲಾರದವರ ಮನೆಗೇ ಹೋಗಬೇಕೆಂದು ಆದೇಶವಾಯಿತು. ಆ ಪಟ್ಟಿಯಲ್ಲಿ ತಾರಾದೇವಿಯ ಹೆಸರಿತ್ತು. ಆಕೆ ನಮ್ಮ ಶಾಲೆಯಲ್ಲಿ ಆಯಾ ಆಗಿದ್ದವಳು. ಮೂವತ್ತು ವರ್ಷ ಮಕ್ಕಳ ಮೂಗೊರೆಸಿದವಳು. ಈಗ ಎಂಬತ್ತೆರಡು, ಹರಿಶ್ಚಂದ್ರ ಘಾಟಿನ ಹಿಂದಿನ ಗಲ್ಲಿಯಲ್ಲಿ ಮೇಲಿನ ಅಂತಸ್ತಿನ ಒಂದು ಕೋಣೆಯಲ್ಲಿರುತ್ತಾಳೆ. ಮನೆ ನನಗೆ ಗೊತ್ತಿದ್ದುದರಿಂದ ದಾನಯ್ಯನ ಜೊತೆಗೆ ಹೋದೆ. ಕೆಳಗೆ ಸೌದೆ ಹೊತ್ತವರು ಘಾಟಿನ ಕಡೆಗೆ ಇಳಿಯುತ್ತಿದ್ದರು. ನಾವು ಕಡಿದಾದ ಮೆಟ್ಟಿಲು ಹತ್ತಿ ಹೋದಾಗ ಆಕೆ ಬಿಸಿಲಿಗೆ ಕಾಲು ಚಾಚಿ ಬಟಾಣಿ ಸುಲಿಯುತ್ತಿದ್ದಳು.

“ಪ್ರಣಾಮ್ ಮಾಸ್ಟರ್‌ಜೀ. ಯಮರಾಜನೇನಾದರೂ ಬಂದನೋ ಎಂದುಕೊಂಡೆ. ಬ್ಯಾಂಕಿನವನೋ?” ಎಂದು ತನ್ನ ಭೋಜಪುರಿಯಲ್ಲಿ ವಿಚಾರಿಸಿಕೊಂಡಳು.

ಆ್ಯಪಿನ ನಿಯಮವೊಂದಿದೆ. ಪಿಂಚಣಿದಾರರ ಮುಖ ತೋರಿಸುವ ಮೊದಲು, ಅದನ್ನು ನಡೆಸುವ ಅಧಿಕಾರಿ ತನ್ನ ಮುಖವನ್ನು ತೋರಿಸಬೇಕು. ದಾನಯ್ಯ ಮೊಬೈಲನ್ನು ಎಡಗೈಯಲ್ಲಿ ಎತ್ತಿ ಹಿಡಿದು ನೆಟ್ಟಗೆ ನೋಡಿದ. ಅದರೊಳಗಿನ ಹೆಣ್ಣುಧ್ವನಿ ‘ಕೃಪಯಾ ಪಲಕೇಂ ಝಪಕಾಯೇಂ’ ಎಂದಿತು. ಕಣ್ಣು ಮಿಟುಕಿಸಿ ಎಂದರ್ಥ. ಆತ ಮಿಟುಕಿಸಲಿಲ್ಲ. ದಿನವಿಡೀ ಪರದೆ ನೋಡಿ ನೋಡಿ ಆ ಕಣ್ಣುಗಳಿಗೆ ರೆಪ್ಪೆ ಬಡಿಯುವುದೇ ಮರೆತುಹೋಗಿತ್ತು. ಬಲಗಣ್ಣಿನ ರೆಪ್ಪೆಯಂತೂ ಸುಮ್ಮನೆ ಅದುರುತ್ತಿತ್ತು. ಅದನ್ನು ಯಂತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ಕೈ ನಡುಗಿ ಚಿತ್ರ ಕದಲಿತು. ‘ಜೀವಂತ ಮುಖ ದೊರೆಯಲಿಲ್ಲ’ ಎಂಬ ಅರ್ಥದ ಸಾಲು ಹಿಂದಿಯಲ್ಲಿ ಮೂಡಿತು.

ಇನ್ನೊಮ್ಮೆ ಹಿಡಿದ. ಜೀವಂತ ಮುಖ ದೊರೆಯಲಿಲ್ಲ. ಮತ್ತೊಮ್ಮೆ. ದೊರೆಯಲಿಲ್ಲ. ಆ ಹೆಣ್ಣುಧ್ವನಿ ಅಷ್ಟೇ ಮರ್ಯಾದೆಯಿಂದ ಪ್ರತಿ ಸಲವೂ ‘ಕೃಪಯಾ’ ಎನ್ನುತ್ತಿತ್ತು. ನಡುವೆ ಮ್ಯಾನೇಜರರ ಸಂದೇಶ ಬಂದು ಮೊಬೈಲು ಗುಂಯ್ ಎಂದಿತು. ದಾನಯ್ಯನ ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದು ನಿಂತಿತು.

ತಾರಾದೇವಿ ಬಟಾಣಿ ಸುಲಿಯುವುದನ್ನು ನಿಲ್ಲಿಸಿ ಕೇಳಿದಳು, ಏನಂತೆ ಅದು? ನಾನು ಅರ್ಥ ಹೇಳಿದೆ. ಆಕೆಗೆ ನಗು ತಡೆಯಲಾಗಲಿಲ್ಲ. ಎರಡೇ ಹಲ್ಲಿನ ಬಾಯಿ ತೆರೆದು, ಕೆಮ್ಮಿ ಕೆಮ್ಮಿ ನಕ್ಕಳು.

“ಅರೇ ಬಚವಾ, ಪಹಿಲೇ ತೂ ತ ಜೀ ಕೇ ದೇಖಾವ!”

ಮಗನೇ, ಮೊದಲು ನೀನು ಬದುಕಿ ತೋರಿಸು ಎಂದಳು.

ದಾನಯ್ಯ ನಗಲಿಲ್ಲ.  ಮೊಬೈಲು ಹಿಡಿದ ಕೈ ಈಗ ಎಲ್ಲರಿಗೂ ಕಾಣುವಂತೆ ನಡುಗುತ್ತಿತ್ತು. ಮುದುಕಿಯ ನಗು ನಿಂತಿತು. ಆಕೆ ಮೊಣಕಾಲೂರಿ ಎದ್ದು ಬಂದು, ತನ್ನ ಬಲಗೈಯಿಂದ ಆತನ ಎಡ ಮಣಿಕಟ್ಟನ್ನು ಹಿಡಿದಳು. ಅಳುವ ಮಕ್ಕಳ ಕೈ ಹಿಡಿದು ನಿಲ್ಲಿಸುತ್ತಿದ್ದಳಲ್ಲ, ಹಾಗೆಯೇ ಬಿಗಿಯಾಗಿ.

“ಸಾಂಸ್ ಛೋಡ್” ಎಂದಳು. ಉಸಿರು ಬಿಡು.

ಆತ ಬಿಟ್ಟ. ತುಂಬಿದ ಚೀಲದ ಬಾಯಿ ಬಿಚ್ಚಿದ ಹಾಗಾಯಿತು. ಭುಜಗಳು ಇಳಿದವು, ಕಣ್ಣಲ್ಲಿ ನೀರು ತುಂಬಿತು, ನೀರು ತುಂಬಿದ್ದರಿಂದ ರೆಪ್ಪೆಗಳು ಬಡಿದವು. ಟಿಂಗ್ ಎಂದು ಹಸಿರು ಗುರುತು ಬಂದಿತು. ಯಂತ್ರದ ಲೆಕ್ಕದಲ್ಲಿ ದಾನಯ್ಯ ಬದುಕಿದ.

ಆಮೇಲೆ ತಾರಾದೇವಿಯ ಸರದಿ. ಐದು ಸಲ ಪ್ರಯತ್ನಿಸಿದೆವು. ಆಕೆ ಮಿಟುಕಿಸಿದಳು, ನಕ್ಕಳು, ಬೈದಳು, ನಾಲಗೆಯನ್ನೂ ಹೊರಚಾಚಿದಳು. ಮುಖ ಹೊಂದಲಿಲ್ಲ. ಅಷ್ಟು ಜೀವ ತುಂಬಿದ ಮುಖವನ್ನು ನಾನು ಈ ಊರಿನಲ್ಲಿ ಇನ್ನೊಂದು ಕಂಡಿಲ್ಲ. ಲಂಬಿತ್ ಎಂದು ಬಂದಿತು. ಇಳಿದು ಬರುವಾಗ ದಾನಯ್ಯ ಮೆಟ್ಟಿಲಿನ ನಡುವೆ ನಿಂತ. ಜೇಬಿನ ಮೊಬೈಲನ್ನು ತೆಗೆದ. ಎಡಗೈಯಿಂದ ಬಲಗೈಗೆ ಬದಲಾಯಿಸಿದ.

“ಮಾಸ್ತರ, ಇನ್ನ ಈ ಕೈಯಾಗ ಇದನ್ನ ಹಿಡಿಯಂಗಿಲ್ರಿ.”

“ಬಲಗೈಯಲ್ಲಿ ಅಭ್ಯಾಸವಿದೆಯೇ?”

“ಇಲ್ರಿ. ಕೆಲಸ ನಿಧಾನ ಆಕ್ಕೈತಿ. ಬೈತಾರ. ಬೈಲಿ. ಬಲಗೈ ಅವರದು, ಎಡಗೈ ನಂದು.”

ಆಗ ಆತನ ದನಿಯಲ್ಲಿ ಧೈರ್ಯಕ್ಕಿಂತ ಬೇಸರವೇ ಹೆಚ್ಚಾಗಿತ್ತು. ನಿಜವಾಗಿಯೂ ಕೆಲಸ ನಿಧಾನವಾಯಿತು. ಮರುದಿನದ ಪಟ್ಟಿಯಲ್ಲಿ ಶಾಖೆ ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯಿತೆಂದೂ, ಮ್ಯಾನೇಜರರು ಎಲ್ಲರೆದುರು ‘ದಾನಯ್ಯಾಜೀಗೆ ಒಂದು ಟೈಪ್‌ರೈಟರ್ ತರಿಸಿಕೊಡಿ’ ಎಂದರೆಂದೂ ಜಗದಾಂಬ ಹೇಳಿದಳು.

ನವೆಂಬರಿನ ಕೊನೆಯ ಸೋಮವಾರ. ಬೆಳಗಿನ ಜಾವ ನಾನು ಮಠದ ಪಡಸಾಲೆಯಲ್ಲಿ ಪೂಜೆಗೆ ಕುಳಿತಿದ್ದೆ. ದಾನಯ್ಯ ಬಂದ. ಹೊರಗೆ ಚಪ್ಪಲಿ ಬಿಟ್ಟ. ಒಂದು ಕ್ಷಣ ತಡೆದು, ಮೊಬೈಲನ್ನು ತೆಗೆದು ಚಪ್ಪಲಿಯೊಳಗೆ ಇಟ್ಟ. ಅದನ್ನು ಕಂಡ ಅಮರಯ್ಯನ ಹುಬ್ಬು ಮೇಲೆ ಹೋಯಿತು. 

ದಾನಯ್ಯ ಗೋಡೆಗೆ ಒರಗದೆ ನನ್ನೆದುರಿಗೆ ಕೂತ. ಭಸ್ಮ ಧರಿಸಿದ. ಕರಡಿಗೆ ತೆರೆದ. ಲಿಂಗವನ್ನು ಬಲಗೈಯಿಂದ ಎತ್ತಿ, ಎಡ ಅಂಗೈಯ ಮೇಲೆ, ಬಿಸಿ ಪಾತ್ರೆಯ ಮೇಲೆ ಇಡುವವನಂತೆ ಅನುಮಾನಿಸುತ್ತ ಇಟ್ಟ. ಅದರ ಮೇಲೆ ಒಂದು ಬಿಲ್ವದೆಲೆ. ಮೂರು ದಳಗಳೂ ಗಾಳಿಯಿಲ್ಲದೆಯೇ ಅಲುಗತೊಡಗಿದವು. ನನ್ನ ಪೂಜೆ ಮರೆತುಹೋಯಿತು. ಆ ಎಲೆಯನ್ನೇ ನೋಡುತ್ತಿದ್ದೆ. ಆತನ ಹೆಬ್ಬೆರಳು ಒಮ್ಮೆ ಮೇಲಕ್ಕೆ ಸರಿಯಿತು. ಲಿಂಗ ವಾಲಿತು.

ದಾನಯ್ಯ ಬಲಗೈ ಚಾಚಿ ತನ್ನ ಎಡ ಮಣಿಕಟ್ಟನ್ನು ತಾನೇ ಹಿಡಿದುಕೊಂಡ, ತಾರಾದೇವಿ ಹಿಡಿದಿದ್ದ ಹಾಗೆಯೇ. ನನಗೆ ಕೇಳುವಷ್ಟು ಜೋರಾಗಿ ಉಸಿರು ಬಿಟ್ಟ.

ಆಗ ಹೊರಗೆ ಕಲ್ಲಿನ ಮೇಲೆ ಚಪ್ಪಲಿ ಗುರ್ರ್ ಎಂದಿತು. ಆರು ಗಂಟೆ. ಪಟ್ಟಿ ಬಂದಿತ್ತು.

ಆತನ ಎದೆಯ ಏರಿಳಿತ ನಿಂತಿತು. ಅದನ್ನು ನಾನು ಕಂಡೆ. ಒಂದು, ಎರಡು, ಮೂರು, ನಾಲ್ಕು ಎಂದು ನನಗೆ ಅರಿವಿಲ್ಲದೆಯೇ ಎಣಿಸಿದೆ. ನಾಲ್ಕಕ್ಕೆ ಉಸಿರು ಹೊರಗೆ ಬಂದಿತು. ಎಲೆ ಅಲುಗುತ್ತಲೇ ಇತ್ತು. ಮೊದಲಿನಷ್ಟಲ್ಲ, ಆದರೆ ಅಲುಗುತ್ತಿತ್ತು. ಲಿಂಗ ಅಂಗೈಯಲ್ಲಿಯೇ ಇತ್ತು. ಚಪ್ಪಲಿ ಇನ್ನೂ ಮೂರು ನಾಲ್ಕು ಸಲ ಗುರುಗುಟ್ಟಿತು. ಕಡೆಗೆ ಅಮರಯ್ಯನಿಗೆ ತಡೆದುಕೊಳ್ಳಲಾಗಲಿಲ್ಲ.

“ದಾನಯ್ಯನವರ, ನಿಮ್ಮ ಚಪ್ಪಲಿ ಕರೀಲಿಕ್ಕತ್ತೈತ್ರಿ!”

“ಹೊಲಿಸ್ಕೊಂಡು ಬಾ ಅಂತ ಹೇಳ್ರಿ ಅದಕ್ಕ” ಎಂದ ದಾನಯ್ಯ, ಲಿಂಗದಿಂದ ದೃಷ್ಟಿ ತೆಗೆಯದೆ.

ಪೂಜೆ ಮುಗಿಯುವುದಕ್ಕೆ ಹತ್ತು ನಿಮಿಷವಾಯಿತು. ಹಿಂದೆ ಆತ ಮುಕ್ಕಾಲು ಗಂಟೆ ಕೂರುತ್ತಿದ್ದ. ಕರಡಿಗೆ ಮುಚ್ಚಿ ಎದ್ದಾಗ ಮೈಯೆಲ್ಲ ಬೆವೆತಿತ್ತು. ಹೊರಗೆ ಬಂದು ಬಲಗೈಯಿಂದ ಮೊಬೈಲು ತೆಗೆದು ನೋಡಿದ. ಹತ್ತೊಂಬತ್ತು ಸಂದೇಶಗಳು. ರಜೆಯ ಅರ್ಜಿ ಇನ್ನೂ ಅಲ್ಲಿಯೇ ತೂಗಾಡುತ್ತಿತ್ತು.

“ಎಷ್ಟು ಮಂದಿ ಉಳಿದಿದ್ದಾರೆ?” ಎಂದು ಕೇಳಿದೆ.

“ಇಪ್ಪತ್ತಮೂರ್ರಿ. ತಾರಾದೇವಿ ಒಬ್ರು. ನೀವೊಬ್ರು.” ಮೊಬೈಲನ್ನು ಬಲಗೈಯಲ್ಲಿ ಅಡ್ಡಾದಿಡ್ಡಿಯಾಗಿ ಎತ್ತಿ ನನ್ನ ಮುಖಕ್ಕೆ ಹಿಡಿದ. “ಕನ್ನಡಕ ತೆಗೀರಿ ಮಾಸ್ತರ. ಕಣ್ಣು ಪಿಳುಕಸ್ರಿ.”

ಪಿಳುಕಿಸಿದೆ.

“ಇನ್ನೊಮ್ಮೆ.”

ಪಿಳುಕಿಸಿದೆ. ಗಲ್ಲಿಯ ತುದಿಯಿಂದ ಗೂಳಿಯೊಂದು ಬರುತ್ತಿತ್ತು; ಇಬ್ಬರೂ ಗೋಡೆಗೆ ಸರಿದು ನಿಂತೆವು.

“ಆಗಲಿಲ್ರಿ” ಎಂದ ದಾನಯ್ಯ. “ನೀವು ಉಸಿರು ಹಿಡದೀರಿ. ಆ ಗೂಳಿ ಹೋಗಲಿ, ಆಮ್ಯಾಲ ನೋಡೂಣು.”